ಹೊಸ ಏರ್ ರೈಫಲ್ ಮೇಲೆ ಸ್ಕೋಪ್ ನಿಲ್ಲುತ್ತಿಲ್ಲವೇ?

ಪ್ರಶ್ನೆ: ಹೊಸದಾಗಿ 4.5 ಮಿ.ಮೀ. ಬ್ರೇಕ್ ಬ್ಯಾರೆಲ್ (ಬ್ಯಾರೆಲ್ ಮಡಚಿ ಸ್ಪ್ರಿಂಗ್ ಎಳೆಯುವ) ಸ್ಪ್ರಿಂಗ್ ಏರ್ ರೈಫಲ್ ಕೊಂಡಿದ್ದೇನೆ. ಜತೆಗೆ 3-9×40 ಸ್ಕೋಪ್ (3ರಿಂದ 9 ಪಟ್ಟು ಜೂಮ್, 40 ಮಿ.ಮೀ. ಮುಂದಿನ ಮಸೂರ), ಎರಡು ಬಿಡಿ ರಿಂಗ್ ಬಂದವು. ಕೂರಿಸಿ 25 ಮೀಟರ್ ದೂರಕ್ಕೆ ಹೊಡೆದೆ. ಮೊದಲ ಇಪ್ಪತ್ತು ಪೆಲೆಟ್ ಒಂದೇ ಕಡೆ ಬಿದ್ದವು, ಆದರೆ ಗುರಿಗಿಂತ ತುಂಬಾ ಕೆಳಗೆ. ಮೇಲಿನ ಟರೆಟ್ಟನ್ನು (ಗುರಿಯನ್ನು ಮೇಲೆ ಕೆಳಗೆ ಸರಿಸುವ ತಿರುಪು) ಕೊನೆಯವರೆಗೆ ತಿರುಗಿಸಿದರೂ ಇನ್ನೂ 3 ಸೆಂ.ಮೀ. ಕೆಳಗೇ ಇತ್ತು. ಎಪ್ಪತ್ತು ಪೆಲೆಟ್ ಆಗುವಷ್ಟರಲ್ಲಿ ಎಲ್ಲೆಂದರಲ್ಲಿ ಬೀಳತೊಡಗಿದವು. ನೋಡಿದರೆ ಹಿಂದಿನ ರಿಂಗ್ ಸುಮಾರು 5 ಮಿ.ಮೀ. ಹಿಂದಕ್ಕೆ ಜಾರಿದೆ, ರೇಲಿನ (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಪಟ್ಟಿ) ಮೇಲೆ ಗೀರು ಬಿದ್ದಿದೆ. ಒಬ್ಬರು ಇನ್ನೂ ಬಿಗಿ ಮಾಡು ಅನ್ನುತ್ತಾರೆ, ಇನ್ನೊಬ್ಬರು ಅಂಟು ಹಾಕು ಅನ್ನುತ್ತಾರೆ, ಮತ್ತೊಬ್ಬರು ಸ್ಕೋಪೇ ಸರಿಯಿಲ್ಲ, ಬೇರೆ ತಗೋ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ರೈಫಲ್‌ನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಪೆಲೆಟ್ ಕೆಳಗೆ ಬೀಳುವುದು ಒಂದು, ಸ್ಕೋಪ್ ಜಾರುವುದು ಇನ್ನೊಂದು. ಮೊದಲನೆಯದು ಬ್ಯಾರೆಲ್ ಮತ್ತು ರೇಲ್ ಒಂದೇ ನೇರದಲ್ಲಿ ಇಲ್ಲದ್ದರಿಂದ, ಎರಡನೆಯದು ಮೌಂಟಿಗೆ, ಅಂದರೆ ಸ್ಕೋಪನ್ನು ರೇಲಿಗೆ ಹಿಡಿಸುವ ರಿಂಗ್‌ಗಳಿಗೆ, ಹಿಂದಿನಿಂದ ತಡೆ ಇಲ್ಲದ್ದರಿಂದ. ಇವೆರಡೂ ಸ್ಕೋಪಿನ ದೋಷವಲ್ಲ. ಹಾಗಾಗಿ ಈಗಲೇ ಹೊಸ ಸ್ಕೋಪ್ ಕೊಳ್ಳಬೇಡಿ. ಇದೇ ರೀತಿ ಕೂರಿಸಿದರೆ ಅದೂ ಹೀಗೇ ಜಾರುತ್ತದೆ.

ಸ್ಕೋಪ್ ಹಿಂದಕ್ಕೇ ಏಕೆ ಜಾರುತ್ತದೆ?

ಗಾಳಿಯ ರೈಫಲ್‌ಗೆ ಒದೆತವೇ ಇಲ್ಲ, ಯಾವ ಸ್ಕೋಪ್ ಹಾಕಿದರೂ ನಡೆಯುತ್ತದೆ ಅನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಸಿಕೊಳ್ಳುವ ಪಿಸಿಪಿ ರೈಫಲ್‌ಗಳಿಗೆ ಆ ಮಾತು ಬಹುಮಟ್ಟಿಗೆ ಸರಿ. ಸ್ಪ್ರಿಂಗ್ ರೈಫಲ್‌ಗೆ ಅದು ಸಂಪೂರ್ಣ ತಪ್ಪು.

ಟ್ರಿಗರ್ ಎಳೆದಾಗ ಒಳಗಿನ ಭಾರವಾದ ಪಿಸ್ಟನ್ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅದಕ್ಕೆ ಪ್ರತಿಯಾಗಿ ರೈಫಲ್ ಹಿಂದಕ್ಕೆ ಸರಿಯುತ್ತದೆ. ಇದು ಸ್ವಲ್ಪ ಮೆತ್ತಗಿನ ತಳ್ಳಾಟ. ಮರುಕ್ಷಣವೇ ಪಿಸ್ಟನ್ ತನ್ನ ಮುಂದೆ ಒತ್ತಿಕೊಂಡ ಗಾಳಿಯ ಗೋಡೆಗೆ ತಾಗಿ ಕೆಲವೇ ಮಿಲಿಮೀಟರಿನಲ್ಲಿ ನಿಂತುಬಿಡುತ್ತದೆ. ಅದರ ವೇಗವೆಲ್ಲ ರೈಫಲ್‌ಗೆ ವರ್ಗವಾಗಿ, ರೈಫಲ್ ಫಟ್ಟನೆ ಮುಂದಕ್ಕೆ ಜಿಗಿಯುತ್ತದೆ. ಮೇಲೆ ಕೂತಿರುವ ಸ್ಕೋಪ್ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಬಸ್ಸು ದಿಢೀರನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಹಾಗೆ. ರೈಫಲ್ ಮುಂದೆ ಹೋಯಿತು, ಸ್ಕೋಪ್ ಹಿಂದುಳಿಯಿತು. ಪ್ರತಿ ಪೆಲೆಟ್ಟಿಗೆ ಕೂದಲೆಳೆಯಷ್ಟು ಜಾರಿದರೂ ಎಪ್ಪತ್ತು ಪೆಲೆಟ್ಟಿಗೆ 5 ಮಿ.ಮೀ. ಆಗುತ್ತದೆ. ಸ್ಪ್ರಿಂಗಿನ ಬದಲು ಗ್ಯಾಸ್ ಪಿಸ್ಟನ್ ಇರುವ ರೈಫಲ್‌ಗಳಲ್ಲೂ ಇದೇ ಕತೆ, ಅಲ್ಲಿ ಜಿಗಿತ ಇನ್ನೂ ಚುರುಕು.

ಬಂದೂಕಿಗೆಂದು ಮಾಡಿದ ಒಳ್ಳೆಯ ಸ್ಕೋಪ್ ಕೂಡ ಸ್ಪ್ರಿಂಗ್ ಏರ್ ರೈಫಲ್ ಮೇಲೆ ಹಾಳಾಗುವುದು ಇದೇ ಕಾರಣಕ್ಕೆ. ಬಂದೂಕು ಒಂದೇ ದಿಕ್ಕಿಗೆ ಒದೆಯುತ್ತದೆ, ಸ್ಕೋಪಿನ ಒಳಗಿನ ಮಸೂರಗಳನ್ನು ಅದಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ಇಲ್ಲಿ ಒದೆತ ಎರಡೂ ಕಡೆಗೆ. ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆ ಎಂದು ತಯಾರಕರು ಸ್ಪಷ್ಟವಾಗಿ ಹೇಳಿರುವ ಸ್ಕೋಪನ್ನೇ ಬಳಸಬೇಕು. ನಿಮ್ಮದು ರೈಫಲ್ ಜತೆಗೇ ಬಂದದ್ದರಿಂದ ಆ ಚಿಂತೆ ಸದ್ಯಕ್ಕಿಲ್ಲ.

ಬಿಗಿ ಮತ್ತು ಅಂಟು

ಇನ್ನೂ ಬಿಗಿ ಮಾಡುವ ಸಲಹೆ ಮೊದಲ ದಿನ ಕೆಲಸ ಮಾಡಿದಂತೆ ಕಂಡು, ಆಮೇಲೆ ಹೆಚ್ಚು ಹಾಳು ಮಾಡುತ್ತದೆ. ಸ್ಕೋಪಿನ ಕೊಳವೆ ತೆಳು ಅಲ್ಯೂಮಿನಿಯಂ. ರಿಂಗಿನ ಮೇಲಿನ ಸ್ಕ್ರೂಗಳನ್ನು ಮಿತಿ ಮೀರಿ ತಿರುಗಿಸಿದರೆ ಕೊಳವೆ ಚಪ್ಪಟೆಯಾಗುತ್ತದೆ, ಒಳಗಿನ ಸಣ್ಣ ಕೊಳವೆ ಸಿಕ್ಕಿಹಾಕಿಕೊಳ್ಳುತ್ತದೆ. ಟರೆಟ್ ತಿರುಗಿಸಿದರೂ ಗುರಿ ಕದಲುವುದಿಲ್ಲ, ನಾಲ್ಕು ಪೆಲೆಟ್ ಹೊಡೆದ ಮೇಲೆ ತಾನಾಗಿ ಜಿಗಿಯುತ್ತದೆ. ಜೂಮ್ ಉಂಗುರ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಮುಖ್ಯವಾಗಿ, ನಿಮ್ಮಲ್ಲಿ ಜಾರಿದ್ದು ರಿಂಗ್ ಮತ್ತು ರೇಲ್ ನಡುವೆ. ಮೇಲಿನ ಸ್ಕ್ರೂ ಬಿಗಿ ಮಾಡಿದರೆ ಕೆಳಗಿನ ಜಾರಿಕೆ ನಿಲ್ಲದು.

ಅಂಟಿನ ಮಾತು ಬಿಟ್ಟುಬಿಡಿ. ಆಮೇಲೆ ಬಿಚ್ಚಲು ರೇಲ್ ಕಾಯಿಸಬೇಕಾದೀತು, ಆ ಶಾಖ ಸ್ಕೋಪಿನ ಸೀಲುಗಳಿಗೆ ಹೋಗುತ್ತದೆ.

ಬೇಕಿರುವುದು ಲೋಹಕ್ಕೆ ಲೋಹ ತಾಗಿ ನಿಲ್ಲುವ ತಡೆ, ಅಂದರೆ ಸ್ಟಾಪ್ ಪಿನ್. ನಿಮ್ಮ ರೇಲಿನ ಹಿಂಭಾಗದಲ್ಲಿ ಒಂದು ಅಥವಾ ಎರಡು ಮೂರು ಸಣ್ಣ ತೂತುಗಳಿವೆಯೇ ನೋಡಿ. ಅವು ಅದಕ್ಕೆಂದೇ ಇರುವವು. ಆಮೇಲೆ ಮೌಂಟಿನ ತಳ ತಿರುಗಿಸಿ ನೋಡಿ. ಪಿನ್ ಇದ್ದರೆ ಸಣ್ಣ ಅಲೆನ್ ಕೀಯಿಂದ ಕೆಳಗಿಳಿಸಬಹುದಾದ ಗಟ್ಟಿ ಉಕ್ಕಿನ ಮೊಳೆಯೊಂದು ಕಾಣುತ್ತದೆ. ಜತೆಗೆ ಬರುವ ಬಿಡಿ ರಿಂಗ್‌ಗಳಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ. ಇಲ್ಲದಿದ್ದರೆ ಸ್ಟಾಪ್ ಪಿನ್ ಇರುವ ಒಂದೇ ತುಂಡಿನ ಮೌಂಟ್ ತೆಗೆದುಕೊಳ್ಳಿ. ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿ ಮಾಡಿ. ಒಂದೇ ತುಂಡಾದ್ದರಿಂದ ನಾಲ್ಕೂ ಸ್ಕ್ರೂಗಳ ಹಿಡಿತ ಒಟ್ಟಿಗೆ ಸಿಗುತ್ತದೆ, ಒಂದು ರಿಂಗ್ ಮಾತ್ರ ಜಾರಿ ಸ್ಕೋಪನ್ನು ತಿರುಚುವ ಪ್ರಶ್ನೆಯೇ ಇಲ್ಲ.

ತೂತು ಇಲ್ಲದ ರೇಲಾದರೆ ಎರಡು ದಾರಿ. ಮೌಂಟಿನ ಹಿಂದೆ ಬಿಗಿಯುವ ಪ್ರತ್ಯೇಕ ಸ್ಟಾಪ್ ಬ್ಲಾಕ್ ಸಿಗುತ್ತದೆ. ಅಥವಾ ಪಿನ್ ಮುಂದಿನ ತುದಿಯಲ್ಲಿ ಬರುವಂತೆ ಮೌಂಟನ್ನು ತಿರುಗಿಸಿ, ಪಿನ್ ರೇಲಿನ ಮುಂಗಡೆಯ ಅಂಚಿನಾಚೆ ಇಳಿಯುವಂತೆ ಕೂರಿಸಬಹುದು. ಮೌಂಟ್ ಹಿಂದೆ ಸರಿಯಲು ನೋಡಿದರೆ ಪಿನ್ ಆ ಅಂಚಿಗೆ ತಾಗಿ ನಿಲ್ಲುತ್ತದೆ. ನೀವೇ ಡ್ರಿಲ್ ಹಿಡಿದು ತೂತು ಕೊರೆಯಲು ಮಾತ್ರ ಹೋಗಬೇಡಿ. ರೇಲಿನ ಕೆಳಗೇ ಗಾಳಿ ಒತ್ತುವ ಕೊಳವೆ ಇದೆ. ಅದಕ್ಕೆ ತೂತು ಬಿದ್ದರೆ ರೈಫಲ್ ಮುಗಿದಂತೆ.

ಕೆಳಗೆ ಬೀಳುವ ಪೆಲೆಟ್

ಬ್ರೇಕ್ ಬ್ಯಾರೆಲ್ ರೈಫಲ್‌ನಲ್ಲಿ ಬ್ಯಾರೆಲ್ ಕೀಲಿನ ಮೇಲೆ ಕೂತಿರುತ್ತದೆ, ರೇಲ್ ಹಿಂದಿನ ಕೊಳವೆಯ ಮೇಲಿರುತ್ತದೆ. ಇವೆರಡರ ನಡುವೆ ಬ್ಯಾರೆಲ್ ಮೂತಿ ಒಂದಿಷ್ಟು ಕೆಳಗೆ ನೋಡುವುದು ಈ ಬಗೆಯಲ್ಲಿ ಸಾಮಾನ್ಯ. ತೆರೆದ ಸೈಟಿನಲ್ಲಿ ಅದು ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ಮತ್ತು ಹಿಂದಿನ ಸೈಟುಗಳು ಹೆಚ್ಚಿನ ಮಾದರಿಗಳಲ್ಲಿ ಬ್ಯಾರೆಲ್ ಮೇಲೇ ಇರುತ್ತವೆ. ಸ್ಕೋಪ್ ಕೂರಿಸಿದ ದಿನ ಬಯಲಾಗುತ್ತದೆ.

ಮೊದಲು ಒಂದು ಪರೀಕ್ಷೆ. ರೈಫಲ್ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ಸ್ಪ್ರಿಂಗ್ ಎಳೆಯದೆ, ಮುಚ್ಚಿದ ಬ್ಯಾರೆಲನ್ನು ಅಕ್ಕಪಕ್ಕಕ್ಕೆ ಅಲುಗಿಸಿ. ಕೀಲಿನಲ್ಲಿ ಆಟ ಇದ್ದರೆ ಕೀಲಿನ ಬೋಲ್ಟ್ ಸಡಿಲ. ಅದು ಸರಿಯಾಗದೆ ಮುಂದಿನ ಯಾವ ಕೆಲಸವೂ ನಿಲ್ಲದು.

ಆಟ ಇಲ್ಲದಿದ್ದರೆ ಲೆಕ್ಕ ಹಾಕೋಣ. ನಿಮ್ಮ ಟರೆಟ್ಟಿನಲ್ಲಿ ಕಾಲು ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಇದ್ದರೆ 100 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 7 ಮಿ.ಮೀ., 25 ಮೀಟರಿನಲ್ಲಿ 1.8 ಮಿ.ಮೀ. ಮಧ್ಯದಿಂದ ಮೇಲಕ್ಕೆ 120 ಕ್ಲಿಕ್ ಸಿಕ್ಕಿತೆಂದುಕೊಳ್ಳಿ. ಅಂದರೆ ಸುಮಾರು 22 ಸೆಂ.ಮೀ. ಮೇಲೆತ್ತಿದಿರಿ, ಇನ್ನೂ 3 ಬಾಕಿ. ಒಟ್ಟು 25 ಮೀಟರಿಗೆ 25 ಸೆಂ.ಮೀ., ಅಂದರೆ ನೂರಕ್ಕೆ ಒಂದರ ಓರೆ. ರಿಂಗ್‌ಗಳ ನಡುವೆ 100 ಮಿ.ಮೀ. ಅಂತರವಿದ್ದರೆ ಹಿಂದಿನ ರಿಂಗ್ 1 ಮಿ.ಮೀ. ಮೇಲೇರಬೇಕು. ಹಿಂಭಾಗ ಎತ್ತಿದರೆ ಸ್ಕೋಪ್ ಕೆಳಗೆ ನೋಡುತ್ತದೆ, ಅದನ್ನು ಗುರಿಗೆ ತರಲು ನೀವು ಬ್ಯಾರೆಲ್ ಎತ್ತುತ್ತೀರಿ.

ಹಿಂದಿನ ರಿಂಗಿನ ಕೆಳಅರ್ಧದಲ್ಲಿ ತೆಳು ಪಟ್ಟಿ ಇಡುವುದು ಹಳೆಯ ಉಪಾಯ. 0.2 ಮಿ.ಮೀ.ವರೆಗೆ ನಡೆಯುತ್ತದೆ. 0.3 ಆಚೆ ಹೋದರೆ ಮುಂದಿನ ರಿಂಗಿನ ಅಂಚು ಕೊಳವೆಯನ್ನು ಕಚ್ಚಿ ಬಾಗಿಸುತ್ತದೆ. ನಿಮಗೆ ಬೇಕಿರುವ 1 ಮಿ.ಮೀ. ಪಟ್ಟಿಯಿಂದ ಆಗುವ ಕೆಲಸವಲ್ಲ. ಹಿಂಭಾಗ ಎತ್ತರ ಮಾಡಿಯೇ ತಯಾರಿಸಿದ, ಅಥವಾ ಎತ್ತರ ಹೊಂದಿಸಬಹುದಾದ ಒಂದೇ ತುಂಡಿನ ಮೌಂಟ್ ಬೇಕು. 20 ಎಂಒಎ ಓರೆ ಇರುವ ಮೌಂಟ್ ಹಾಕಿದರೆ 25 ಮೀಟರಿನಲ್ಲಿ 14.5 ಸೆಂ.ಮೀ. ಅದೇ ನೋಡಿಕೊಳ್ಳುತ್ತದೆ, ಉಳಿದ ಹತ್ತು ಸೆಂ.ಮೀ. ಚಿಲ್ಲರೆಗೆ 60 ಕ್ಲಿಕ್ ಸಾಕು. ಸ್ಟಾಪ್ ಪಿನ್ ಕೂಡ ಅದರಲ್ಲೇ ಇರುವುದನ್ನು ಆರಿಸಿದರೆ ನಿಮ್ಮ ಎರಡೂ ತೊಂದರೆಗೆ ಒಂದೇ ವಸ್ತು.

ಟರೆಟ್ಟನ್ನು ಕೊನೆಯಲ್ಲೇ ಬಿಟ್ಟು, ಸ್ವಲ್ಪ ಮೇಲೆ ಗುರಿ ಹಿಡಿದು ಹೊಡೆದರಾಯಿತು ಅನ್ನುವವರಿದ್ದಾರೆ. ಇದು ಬೇಡ. ಒಳಕೊಳವೆಯನ್ನು ಟರೆಟ್ಟಿಗೆ ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗ್ ಆ ತುದಿಯಲ್ಲಿ ಪೂರ್ತಿ ಸಡಿಲವಾಗಿರುತ್ತದೆ. ಪ್ರತಿ ಜಿಗಿತಕ್ಕೂ ಒಳಗಿನದು ಕುಣಿಯುತ್ತದೆ. ನಿಮ್ಮ ಪೆಲೆಟ್‌ಗಳು ಚದುರಿದ್ದರಲ್ಲಿ ಜಾರಿಕೆಯ ಜತೆಗೆ ಇದರ ಪಾಲೂ ಇರುವ ಸಂಭವ ಹೆಚ್ಚು.

ಕೂರಿಸುವ ಕೆಲಸ

ಕೊಳ್ಳುವ ಮುಂಚೆ ಮೂರು ಅಳತೆ ನೋಡಿ. ರೇಲಿನ ಬಗೆ: ಹೆಚ್ಚಿನ ಏರ್ ರೈಫಲ್‌ಗಳಲ್ಲಿ 11 ಮಿ.ಮೀ. ಡವ್‌ಟೇಲ್ (ಎರಡೂ ಬದಿಯಲ್ಲಿ ಉದ್ದಕ್ಕೆ ಓರೆ ಸಂದು ಇರುವ ರೇಲ್), ಕೆಲವದರಲ್ಲಿ ಅಡ್ಡ ಸೀಳುಗಳಿರುವ ವೀವರ್ ಅಥವಾ ಪಿಕಟಿನ್ನಿ ರೇಲ್. ಒಂದರ ಮೌಂಟ್ ಇನ್ನೊಂದಕ್ಕೆ ಕೂರದು. ಕೊಳವೆಯ ದಪ್ಪ: 25.4 ಅಥವಾ 30 ಮಿ.ಮೀ. ರಿಂಗಿನ ಎತ್ತರ: 40 ಮಿ.ಮೀ. ಮಸೂರದ ಹೊರಮೈ 47-48 ಮಿ.ಮೀ. ಬರುತ್ತದೆ, ಅದಕ್ಕೂ ಬ್ಯಾರೆಲಿಗೂ ನಡುವೆ 2-3 ಮಿ.ಮೀ. ಸಂದು ಉಳಿದರೆ ಸಾಕು. ಅದಕ್ಕಿಂತ ಬಹಳ ಎತ್ತರವಾದರೆ ಕೆನ್ನೆ ಕಟ್ಟಿಗೆಗೆ ಒರಗದೆ ತಲೆ ತೇಲುತ್ತದೆ.

ರೈಫಲ್ ಖಾಲಿ ಇದೆಯೇ ಎಂದು ಮತ್ತೊಮ್ಮೆ ನೋಡಿ. ಬ್ಯಾರೆಲ್ ಮಡಚಿದ ಸ್ಥಿತಿಯಲ್ಲಿ ಟ್ರಿಗರ್ ಕಡೆಗೆ ಕೈ ಹೋಗಬಾರದು. ಬ್ಯಾರೆಲ್ ರಪ್ಪನೆ ಮುಚ್ಚಿಕೊಂಡರೆ ಬೆರಳೂ ಹೋಗುತ್ತದೆ, ಬ್ಯಾರೆಲ್ಲೂ ಬಾಗುತ್ತದೆ.

ಹೊಸ ರೈಫಲ್‌ನ ರೇಲಿಗೆ ಕಾರ್ಖಾನೆಯ ಎಣ್ಣೆ ಮೆತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ರೇಲಿನ ಎರಡೂ ಬದಿಯ ಓರೆ ಸಂದು, ಮೌಂಟಿನ ಹಲ್ಲು, ರಿಂಗಿನ ಒಳಮೈ, ಸ್ಕೋಪಿನ ಕೊಳವೆ ಎಲ್ಲವನ್ನೂ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಮೊದಲು ಬಿದ್ದಿರುವ ಗೀರಿನ ಅಂಚು ಬೆರಳಿಗೆ ಚುಚ್ಚಿದರೆ ಸಣ್ಣ ಅರದಿಂದ ಆ ಮುಳ್ಳನ್ನಷ್ಟೇ ತೆಗೆಯಿರಿ, ರೇಲ್ ಸವೆಸಬೇಡಿ.

ಮೌಂಟ್ ಇಟ್ಟು, ಪಿನ್ನನ್ನು ತೂತಿಗೆ ಇಳಿಸಿ. ಇಲ್ಲೊಂದು ಸೂಕ್ಷ್ಮ ಇದೆ. ಪಿನ್ ತೂತಿನ ತಳಕ್ಕೆ ತಾಗುವವರೆಗೆ ತಿರುಗಿಸಿದರೆ ಅದು ಜಾಕಿನ ಹಾಗೆ ಮೌಂಟನ್ನೇ ಮೇಲಕ್ಕೆತ್ತುತ್ತದೆ. ಆಗ ಹಲ್ಲು ರೇಲಿನ ತುದಿಯನ್ನಷ್ಟೇ ಕಚ್ಚುತ್ತದೆ. ತಳ ತಾಗಿದ ಕೂಡಲೇ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ಆಮೇಲೆ ಮೌಂಟನ್ನು ಹಿಂದಕ್ಕೆ ಎಳೆದು, ಪಿನ್ ತೂತಿನ ಹಿಂಗೋಡೆಗೆ ತಾಗಿದ ಮೇಲೆಯೇ ಬದಿಯ ಸ್ಕ್ರೂಗಳನ್ನು ಬಿಗಿಯಿರಿ. ಪಿನ್ನಿನ ಹಿಂದೆ ಸಂದು ಬಿಟ್ಟರೆ ಅಷ್ಟು ದೂರ ಓಡಿಬಂದು ಗುದ್ದುತ್ತದೆ. ಪಿಕಟಿನ್ನಿ ರೇಲಿನಲ್ಲೂ ಅಡ್ಡ ಬೋಲ್ಟ್ ಸೀಳಿನ ಹಿಂಗೋಡೆಗೆ ತಾಗಿರಲಿ. ಬಂದೂಕಿಗೆ ಹೇಳುವ ಸೂಚನೆ ಇದಕ್ಕೆ ತದ್ವಿರುದ್ಧ, ಮುಂದಕ್ಕೆ ತಳ್ಳಿ ಎಂದಿರುತ್ತದೆ. ಅದನ್ನು ಓದಿ ಗೊಂದಲ ಮಾಡಿಕೊಳ್ಳಬೇಡಿ.

ಬದಿಯ ಸ್ಕ್ರೂಗಳಿಗೆ ನೀಲಿ ಬಣ್ಣದ ಮಧ್ಯಮ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ದ್ರವ) ಒಂದು ಹನಿ ಹಾಕಬಹುದು. ಕೆಂಪು ಬೇಡ. ರಿಂಗಿನ ಮೇಲಿನ ಸ್ಕ್ರೂಗಳಿಗೆ ಯಾವುದೂ ಬೇಡ. ಥ್ರೆಡ್ ಒದ್ದೆಯಾದರೆ ಅದೇ ತಿರುಗುಬಲಕ್ಕೆ ಹಿಡಿತ ಹೆಚ್ಚಾಗಿ ಕೊಳವೆ ಅಮುಕುತ್ತದೆ.

ಈಗ ಸ್ಕೋಪನ್ನು ಕೆಳರಿಂಗಿನಲ್ಲಿ ಮಲಗಿಸಿ, ಮೇಲಿನ ಅರ್ಧಗಳನ್ನು ಜಾರುವಷ್ಟು ಸಡಿಲವಾಗಿ ಹಾಕಿ. ಕೊಳವೆ ಅಗಲವಾಗತೊಡಗುವ ಜಾಗಕ್ಕಾಗಲಿ ಜೂಮ್ ಉಂಗುರಕ್ಕಾಗಲಿ ರಿಂಗ್ ತಾಗಬಾರದು. ಟರೆಟ್‌ಗಳನ್ನು ಮಧ್ಯಕ್ಕೆ ತನ್ನಿ: ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಲಿಕ್ ಎಣಿಸಿ, ಅರ್ಧ ಹಿಂದಕ್ಕೆ ಬನ್ನಿ. ಕೊನೆ ಬಂದಾಗ ಬಲ ಹಾಕಬೇಡಿ.

ಕಣ್ಣಿನ ದೂರವನ್ನು ಜೂಮ್ 9ರಲ್ಲಿಟ್ಟು ಹೊಂದಿಸಿ. ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಒಳಗೆ ಬರುತ್ತದೆ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಕೆನ್ನೆ ಸಹಜವಾಗಿ ಒರಗಿದ ಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಕತ್ತು ಚಾಚಿದರಷ್ಟೇ ಕಂಡರೆ ಸ್ಕೋಪ್ ಹಿಂದೆ ಬರಲಿ, ತಲೆ ಎಳೆದುಕೊಂಡರಷ್ಟೇ ಕಂಡರೆ ಮುಂದೆ ಹೋಗಲಿ.

ನಂತರ ಗೆರೆ ನೆಟ್ಟಗೆ ಮಾಡುವ ಕೆಲಸ. ರೇಲಿನ ಸಮತಟ್ಟು ಭಾಗದಲ್ಲಿ ಚಿಕ್ಕ ರಸಮಟ್ಟ ಅಡ್ಡಲಾಗಿಟ್ಟು ರೈಫಲ್ ಅಲುಗದಂತೆ ನಿಲ್ಲಿಸಿ. ಹತ್ತು ಮೀಟರ್ ಆಚೆ ದಾರಕ್ಕೆ ಭಾರ ಕಟ್ಟಿ ತೂಗುಬಿಡಿ. ಕ್ರಾಸ್‌ಹೇರಿನ ಲಂಬ ಗೆರೆ ದಾರದ ಮೇಲೆ ಕೂರುವವರೆಗೆ ಸ್ಕೋಪನ್ನು ತಿರುಗಿಸಿ. ಇಷ್ಟು ಕಸರತ್ತು ಏಕೆ ಅಂದರೆ: ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 50 ಮೀಟರ್ ತಲುಪುವಷ್ಟರಲ್ಲಿ ಸುಮಾರು 25 ಸೆಂ.ಮೀ. ಬೀಳುತ್ತದೆ. ರೈಫಲ್ ಬರೀ 3 ಡಿಗ್ರಿ ವಾಲಿದರೆ ಆ ಬೀಳುವಿಕೆಯ ಸುಮಾರು 13 ಮಿ.ಮೀ. ಪಕ್ಕಕ್ಕೆ ಹೊರಳುತ್ತದೆ. ಗೆರೆ ಓರೆಯಾಗಿದ್ದರೆ, ನೀವು ಗೆರೆ ನೆಟ್ಟಗೆ ಹಿಡಿದಾಗಲೆಲ್ಲ ರೈಫಲ್ ವಾಲುತ್ತದೆ.

ಮೇಲಿನ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಒಂದೊಂದಕ್ಕೆ ಕಾಲು ಸುತ್ತಿನಂತೆ ಬಿಗಿಯಿರಿ. ಒಂದೇ ಬದಿ ಮೊದಲು ಬಿಗಿದರೆ ಕೊಳವೆ ಆ ಕಡೆಗೆ ತಿರುಗಿ ದಾರದಿಂದ ಗೆರೆ ತಪ್ಪುತ್ತದೆ. ಎರಡೂ ಬದಿಯ ಸಂದು ಒಂದೇ ಸಮ ಇರಲಿ. ಟಾರ್ಕ್ ಕೀ ಇದ್ದರೆ 1.7ರಿಂದ 2 ನ್ಯೂಟನ್ ಮೀಟರ್ ಸಾಮಾನ್ಯ ಮಿತಿ, ತಯಾರಕರು ಬೇರೆ ಹೇಳಿದ್ದರೆ ಅವರ ಮಾತೇ ಕೊನೆ. ಇಲ್ಲದಿದ್ದರೆ ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂವಿಗೆ ಹಾಕಿ, ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಬೆರಳಿನ ಬಲ ಮುಗಿದಲ್ಲಿ ನಿಲ್ಲಿಸಿ.

ಹೊಡೆದು ಹೊಂದಿಸುವಾಗ

ಸ್ಟಾಕಿನ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಕಟ್ಟಿಗೆಯ, ಸ್ಕ್ರೂಗಳನ್ನು ಮೊದಲು ನೋಡಿಕೊಳ್ಳಿ. ಸ್ಪ್ರಿಂಗ್ ರೈಫಲ್‌ನಲ್ಲಿ ಅವು ತಾವಾಗಿ ಸಡಿಲಾಗುತ್ತವೆ, ಬೈಗುಳ ಸ್ಕೋಪಿಗೆ ಬೀಳುತ್ತದೆ. ಹೊಸ ರೈಫಲ್‌ನ ಒಳಗೆ ಉಳಿದ ಎಣ್ಣೆ ಮೊದಲ ನೂರಿನ್ನೂರು ಪೆಲೆಟ್‌ವರೆಗೆ ಉರಿದು ಹೊಗೆ, ವಾಸನೆ, ಜೋರು ಸದ್ದು ಬರುವುದುಂಟು. ಆ ಹಂತದಲ್ಲಿ ವೇಗ ಏರುಪೇರಾಗುವುದರಿಂದ ಕೊನೆಯ ಹೊಂದಾಣಿಕೆಗೆ ಕೈ ಹಾಕಬೇಡಿ.

ಮೊದಲು 10 ಮೀಟರಿನಲ್ಲಿ ದೊಡ್ಡ ಹಾಳೆಗೆ ಐದು ಪೆಲೆಟ್ ಹೊಡೆಯಿರಿ, ಗುಂಪಿನ ನಡುವನ್ನು ನೋಡಿ ತಿದ್ದಿ. ಸ್ಪ್ರಿಂಗ್ ರೈಫಲನ್ನು ಗಟ್ಟಿ ವಸ್ತುವಿನ ಮೇಲೆ ನೇರವಾಗಿ ಇಟ್ಟು ಹೊಡೆದರೆ ಗುಂಪು ಚದುರುತ್ತದೆ. ತೆರೆದ ಅಂಗೈಯನ್ನು ಚೀಲದ ಮೇಲಿಟ್ಟು, ಅದರ ಮೇಲೆ ರೈಫಲ್ ಸುಮ್ಮನೆ ಕೂರಲಿ. ಬಿಗಿಯಾಗಿ ಹಿಡಿಯಬೇಡಿ, ಅದು ಪ್ರತಿ ಸಲ ಒಂದೇ ರೀತಿ ಜಿಗಿಯಬೇಕು.

10 ಮೀಟರಿನಲ್ಲಿ ನಡುಮಧ್ಯಕ್ಕೆ ತರಲು ಹೋಗಬೇಡಿ. ಸ್ಕೋಪ್ ಬ್ಯಾರೆಲಿಗಿಂತ 4.5 ಸೆಂ.ಮೀ. ಮೇಲಿದ್ದು, ವೇಗ ಸೆಕೆಂಡಿಗೆ 240 ಮೀಟರ್ ಆಸುಪಾಸು ಇದ್ದು, 30 ಮೀಟರಿಗೆ ಹೊಂದಿಸಿದರೆ ಪೆಲೆಟ್ 10 ಮೀಟರಿನಲ್ಲಿ 1 ಸೆಂ.ಮೀ. ಕೆಳಗೆ, 15ರ ಹತ್ತಿರ ಸರಿಯಾಗಿ, 20-25ರಲ್ಲಿ ಅರ್ಧ ಸೆಂ.ಮೀ. ಮೇಲೆ, 30ರಲ್ಲಿ ಮತ್ತೆ ಸರಿಯಾಗಿ, 35ರಲ್ಲಿ 1 ಸೆಂ.ಮೀ. ಕೆಳಗೆ ಬೀಳುತ್ತದೆ. ಹಾಗಾಗಿ 10 ಮೀಟರಿನಲ್ಲಿ ಒಂದು ಸೆಂ.ಮೀ. ಕೆಳಗೆ ಬಂದರೆ ಸರಿ, ಮುಂದೆ ಹೋಗಿ. ಮುಂದಿನ ಮಸೂರದ ಸುತ್ತ ದೂರ ಹೊಂದಿಸುವ ಉಂಗುರವಿದ್ದರೆ ಆಯಾ ದೂರಕ್ಕೆ ತಿರುಗಿಸಿ, ಇಲ್ಲದಿದ್ದರೆ ಹತ್ತಿರದ ಗುರಿಗೆ ಕಣ್ಣು ಕದಲಿದಷ್ಟೂ ಗೆರೆ ಕದಲುತ್ತದೆ.

ನಿಮ್ಮ ಸ್ಕೋಪ್ ಆಗಲೇ ಪೆಟ್ಟು ತಿಂದಿದೆಯೇ?

ಹೊಸ ಮೌಂಟಿನಲ್ಲಿ ಗುಂಪು ಮರಳಿದರೆ ಪ್ರಶ್ನೆಯೇ ಇಲ್ಲ. ಮರಳದಿದ್ದರೆ ಸ್ಕೋಪ್ ತೆಗೆದು ತೆರೆದ ಸೈಟಿನಲ್ಲಿ 10 ಮೀಟರಿಗೆ ಹೊಡೆಯಿರಿ. ಅಲ್ಲೂ ಚದುರಿದರೆ ಪೆಲೆಟ್, ಹಿಡಿತ ಅಥವಾ ಕೀಲು ಹುಡುಕಿ. ಅಲ್ಲಿ ಗುಂಪು ಕೂಡಿದರೆ ಸ್ಕೋಪ್ ಮತ್ತೆ ಹಾಕಿ, 20 ಕ್ಲಿಕ್ ಬಲಕ್ಕೆ, 20 ಮೇಲಕ್ಕೆ, 20 ಎಡಕ್ಕೆ, 20 ಕೆಳಕ್ಕೆ, ಪ್ರತಿ ಮೂಲೆಯಲ್ಲೂ ಮೂರು ಪೆಲೆಟ್ ಹೊಡೆಯುತ್ತ ಬನ್ನಿ. ಕೊನೆಯ ಗುಂಪು ಮೊದಲನೆಯದರ ಮೇಲೆ ಬೀಳದಿದ್ದರೆ ಒಳಗೆ ಏನೋ ಸಡಿಲಾಗಿದೆ. ಆಗ ಸ್ಕೋಪ್ ಬದಲಿಸಬೇಕು.

ಎಲ್ಲ ಸರಿಹೋದ ಮೇಲೆ ತೆಳು ಬಿಳಿ ಬಣ್ಣದಿಂದ ಎರಡು ಗೆರೆ ಎಳೆಯಿರಿ: ಒಂದು ರೇಲಿನಿಂದ ಮೌಂಟಿಗೆ ದಾಟುವಂತೆ, ಇನ್ನೊಂದು ರಿಂಗಿನಿಂದ ಕೊಳವೆಗೆ ದಾಟುವಂತೆ. ಐವತ್ತು ಪೆಲೆಟ್ ಆದ ಮೇಲೆ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ, ಗೆರೆಗಳನ್ನೂ ನೋಡಿ. ಮೊದಲ ಗೆರೆ ತುಂಡಾಗಿದ್ದರೆ ಪಿನ್ ಹಿಂಗೋಡೆಗೆ ತಾಗಿಲ್ಲ. ಎರಡನೆಯದು ತುಂಡಾಗಿದ್ದರೆ ರಿಂಗಿನ ಒಳಗೆ ಎಣ್ಣೆ ಉಳಿದಿದೆ, ಬಿಚ್ಚಿ ಒರೆಸಿ ಮತ್ತೆ ಕೂರಿಸಿ.